ಆಟಕ್ಕೂ ಒತ್ತೆಕೋಲಕ್ಕೂ ಫ್ಲ್ಯಾಶ್ ಇಲ್ಲದೆ ಫೋಟೋ: ಕಿಸೆಗೆ ಹಿಡಿಸುವ ಯಾವ ಕ್ಯಾಮೆರಾ ಆಗಬಹುದು?

ಬೆಳ್ಳೂರು ಕಡೆಯವ – ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ರಾತ್ರಿಯ ಯಕ್ಷಗಾನ ಬಯಲಾಟ, ನೇಮ (ದೈವದ ಕೋಲ), ಒತ್ತೆಕೋಲ (ವಿಷ್ಣುಮೂರ್ತಿ ದೈವ ಕೆಂಡಕ್ಕೆ ಬೀಳುವ ಕೋಲ), ದೇವಸ್ಥಾನದ ದೀಪೋತ್ಸವ, ಇಷ್ಟಕ್ಕೇ ಒಂದು ಸಣ್ಣ ಕ್ಯಾಮೆರಾ ಬೇಕು. ಲೆನ್ಸ್ ಬದಲಿಸುವ ದೊಡ್ಡ ಕ್ಯಾಮೆರಾ ಬೇಡ. ಕಿಸೆಯಲ್ಲೋ ಸಣ್ಣ ಚೀಲದಲ್ಲೋ ಹಿಡಿಸಬೇಕು. ಫ್ಲ್ಯಾಶ್ ಹಾಕುವ ಪ್ರಶ್ನೆಯೇ ಇಲ್ಲ. ಕೋಲದ ಕಳದಲ್ಲಿ ಅದು ಸಲ್ಲದು, ಆಟದಲ್ಲಿ ವೇಷಧಾರಿಯ ಕಣ್ಣಿಗೆ ಹೊಡೆಯುತ್ತದೆ.

ಕೂರುವ ಜಾಗದಿಂದ ರಂಗಸ್ಥಳಕ್ಕೆ 6ರಿಂದ 10 ಮೀಟರ್ ದೂರ. ಬೆಳಕು ಈಗಿನ ಹೆಚ್ಚಿನ ಆಟಗಳ ಹಾಗೆಯೇ: ಎದುರಿಗೆ ಎರಡೋ ನಾಲ್ಕೋ ಎಲ್‌ಇಡಿ ಫ್ಲಡ್‌ಲೈಟ್, ಕೆಲವು ಕಡೆ ಹಳೆಯ ಹ್ಯಾಲೋಜನ್. ಫೋನಿನಲ್ಲಿ ತೆಗೆದರೆ ನಿಂತು ಅರ್ಥ ಹೇಳುವಾಗ ಚಂದ ಬರ್ತದೆ, ಕುಣಿತ ಶುರುವಾದ ಕೂಡಲೇ ಮುಖ ಕಲಸಿಹೋಗ್ತದೆ. ಚಿತ್ರಗಳು ಸ್ಮರಣ ಸಂಚಿಕೆಯಲ್ಲಿ ಎ4 ಪುಟದಷ್ಟು ದೊಡ್ಡದಾಗಿ ಅಚ್ಚಾಗಬೇಕು.

ಬಜೆಟ್ 50,000 ರೂಪಾಯಿ, ಹೆಚ್ಚೆಂದರೆ 55,000. ಅಂಗಡಿಯಲ್ಲಿ 40 ಪಟ್ಟು ಝೂಮ್, 20 ಮೆಗಾಪಿಕ್ಸೆಲ್‌ನದ್ದೊಂದನ್ನು ತೋರಿಸಿ "ಎಷ್ಟು ದೂರದಿಂದಲೂ ಹತ್ತಿರ ಬರ್ತದೆ, ಇದೇ ಸಾಕು" ಎಂದರು. ಸಾಕಾಗ್ತದಾ? ಇಲ್ಲದಿದ್ದರೆ ಯಾವುದು? ಹಳೆಯದು ತಗೊಳ್ಳುವುದಾದರೆ ಎಂತ ಎಲ್ಲ ನೋಡಬೇಕು?

ಸೂಟೆಬೆಳಕು

ಸಾಕಾಗುವುದಿಲ್ಲ. ಆ 40 ಪಟ್ಟಿನದ್ದನ್ನು ಮೊದಲು ಪಟ್ಟಿಯಿಂದ ತೆಗೆಯಿರಿ. ಹಗಲಿಗೆ, ಹಕ್ಕಿಗೆ, ದೂರದ ಗುಡ್ಡಕ್ಕೆ ಅದು ಒಳ್ಳೆಯದೇ. ರಾತ್ರಿಯ ರಂಗಸ್ಥಳಕ್ಕೆ ಅಲ್ಲ. ಯಾಕೆ ಅಂತ ಒಂದು ಲೆಕ್ಕ ಹೇಳುತ್ತೇನೆ. ಇದು ತಿಳಿದರೆ ಯಾವ ಅಂಗಡಿಯಲ್ಲಿ ಏನು ತೋರಿಸಿದರೂ ನೀವೇ ತೂಗಿ ನೋಡಬಹುದು.

ಸೆನ್ಸರಿನ ವಿಸ್ತೀರ್ಣವನ್ನು ಚದರ ಮಿ.ಮೀ.ನಲ್ಲಿ ತಗೊಳ್ಳಿ. ಅದನ್ನು ಲೆನ್ಸಿನ ಎಫ್ ಸಂಖ್ಯೆಯ (ಇದು ಸಣ್ಣದಾದಷ್ಟು ಲೆನ್ಸಿನ ಬಾಯಿ ಅಗಲ) ವರ್ಗದಿಂದ ಭಾಗಿಸಿ. ಒಂದೇ ಶಟರ್ ವೇಗದಲ್ಲಿ ಆ ಕ್ಯಾಮೆರಾ ಒಟ್ಟು ಎಷ್ಟು ಬೆಳಕು ಹಿಡಿಯುತ್ತದೆ ಎಂಬುದಕ್ಕೆ ಬಂದ ಸಂಖ್ಯೆಯೇ ಅಳತೆ. ಸಂಖ್ಯೆ ಇಮ್ಮಡಿಯಾದರೆ ಒಂದು ಸ್ಟಾಪ್ ಲಾಭ (ಒಂದು ಸ್ಟಾಪ್ ಎಂದರೆ ಬೆಳಕು ಇಮ್ಮಡಿ), ಅಂದರೆ ಚಿತ್ರದ ನಾಯ್ಸು (ಮರಳಿನಂಥ ಕಾಳು) ಐಎಸ್‌ಒವನ್ನು (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆಯ ಅಂಕೆ) 3200ರಿಂದ 1600ಕ್ಕೆ ಇಳಿಸಿದಷ್ಟು ಕಡಿಮೆಯಾಗುತ್ತದೆ.

ಅಂಗಡಿಯವರು ತೋರಿಸಿದಂಥ ಕ್ಯಾಮೆರಾದಲ್ಲಿ ಸಾಮಾನ್ಯವಾಗಿ ಇರುವುದು 1/2.3 ಇಂಚಿನ ಸೆನ್ಸರ್, ವಿಸ್ತೀರ್ಣ ಸುಮಾರು 28. ಝೂಮ್ ಪೂರ್ತಿ ಎಳೆದಾಗ ಲೆನ್ಸ್ ಎಫ್/6.5, ಎಫ್/6.9ರ ಹತ್ತಿರ. ಭಾಗಿಸಿದರೆ ಒಂದಕ್ಕಿಂತಲೂ ಕಡಿಮೆ. 70 ಮಿ.ಮೀ.ಗೇ (ಝೂಮಿನ ಈ ಅಂಕೆ ದೊಡ್ಡದಾದಷ್ಟು ನೋಟ ಕಿರಿದು, ವೇಷ ಹತ್ತಿರ) ನಿಲ್ಲಿಸಿ ಎಫ್/4.5 ಇದೆ ಅಂದುಕೊಂಡರೂ 1.4. ಒಂದಿಂಚು ಎಂದು ಕರೆಯುವ ಸೆನ್ಸರ್ ನಿಜವಾಗಿ 13.2 x 8.8 ಮಿ.ಮೀ., ಅಂದರೆ 116. ಅದಕ್ಕೆ ಎಫ್/1.8 ಲೆನ್ಸ್ ಇದ್ದರೆ 36, ಎಫ್/2.8 ಇದ್ದರೆ 15. ನೀವು ಕೂರುವ ಜಾಗದಿಂದ ಇದು ಅಂಗಡಿಯವರದ್ದಕ್ಕಿಂತ ಹತ್ತು ಪಟ್ಟು ಬೆಳಕು. ಎರಡರಲ್ಲೂ 20 ಮೆಗಾಪಿಕ್ಸೆಲ್ ಅಂತಲೇ ಬರೆದಿರುತ್ತದೆ. ಆ ಅಂಕೆಯನ್ನು ನೋಡಬೇಡಿ. ಎ4 ಪುಟವನ್ನು 300 ಡಿಪಿಐಗೆ ಅಚ್ಚು ಮಾಡಲು 9 ಮೆಗಾಪಿಕ್ಸೆಲ್ ಸಾಕು.

ಫೋನ್ ಯಾಕೆ ಸೋಲುತ್ತದೆ ಎಂಬುದೂ ಇದರಲ್ಲೇ ಉಂಟು. ಒಳ್ಳೆಯ ಫೋನಿನ ಮುಖ್ಯ ಕ್ಯಾಮೆರಾಕ್ಕೆ 1/1.3 ಇಂಚಿನ ಸೆನ್ಸರ್ ಇದ್ದರೆ ಎಫ್/1.8ಕ್ಕೆ ಸುಮಾರು 22 ಬರುತ್ತದೆ. ಆದರೆ ಅದು 24 ಮಿ.ಮೀ. ನೋಟ. 8 ಮೀಟರ್ ದೂರದಿಂದ 12 ಮೀಟರ್ ಅಗಲ ಬೀಳುತ್ತದೆ, ವೇಷ ಬೆರಳಷ್ಟು ಕಾಣುತ್ತದೆ. ಅದನ್ನು 70 ಮಿ.ಮೀ.ಗೆ ಕತ್ತರಿಸಿದರೆ ಉಳಿಯುವುದು 2.6. ನಿಂತ ವೇಷಕ್ಕೆ ಚಂದ ಬರುವುದು ಫೋನು ಹಲವು ಫ್ರೇಮುಗಳನ್ನು ಒಂದರ ಮೇಲೊಂದು ಕೂಡಿಸಿ ನಾಯ್ಸು ಕಳೆಯುವುದರಿಂದ. ಕುಣಿಯುವಾಗ ಆ ಫ್ರೇಮುಗಳು ಒಂದಕ್ಕೊಂದು ಕೂಡಿಬರುವುದಿಲ್ಲ, ಮುಖ ಕಲಸುತ್ತದೆ.

ಈಗ ಮಾದರಿಗಳು. ನಿಮ್ಮ ದೂರಕ್ಕೆ 70ರಿಂದ 100 ಮಿ.ಮೀ. ನೋಟ ಬೇಕು. 8 ಮೀಟರ್‌ನಲ್ಲಿ 70 ಮಿ.ಮೀ.ಗೆ 4.1 ಮೀ. ಅಗಲ, 2.7 ಮೀ. ಎತ್ತರ ಬೀಳುತ್ತದೆ, ಕಿರೀಟ ಸಮೇತ ಎರಡು ವೇಷ ಆರಾಮವಾಗಿ ಹಿಡಿಸುತ್ತವೆ. 100 ಮಿ.ಮೀ.ಗೆ 2.9 x 1.9 ಮೀ., ಒಂದು ವೇಷ ಬಿಗಿಯಾಗಿ.

ಸೋನಿ ಆರ್‌ಎಕ್ಸ್100 ಮಾರ್ಕ್ 3: 2014ರದ್ದು, 24–70 ಮಿ.ಮೀ., ಎಫ್/1.8–2.8, ಒಂದಿಂಚು. ಮೇಲಕ್ಕೆ ಚಿಮ್ಮುವ ವ್ಯೂಫೈಂಡರ್ ಉಂಟು. ಹಿಂದೆ ಕೂತವರ ಕಣ್ಣಿಗೆ ಪರದೆಯ ಬೆಳಕು ಹೊಡೆಯದ ಹಾಗೆ ಇಡೀ ರಾತ್ರಿ ತೆಗೆಯಬಹುದು. ಆಟಕ್ಕೆ ಇದು ದೊಡ್ಡ ಗುಣ. ಮಾರ್ಕ್ 4 ಮತ್ತು 5ಕ್ಕೂ ಅದೇ ವಿಸ್ತಾರದ, ಅದೇ ಎಫ್ ಸಂಖ್ಯೆಯ ಲೆನ್ಸ್. ಮಾರ್ಕ್ 5ರಲ್ಲಿ ಫೋಕಸ್ ಬಹಳ ಚುರುಕು, ಬ್ಯಾಟರಿ ಮಾತ್ರ ಬೇಗ ಮುಗಿಯುತ್ತದೆ.

ಕ್ಯಾನನ್ ಜಿ7 ಎಕ್ಸ್ ಮಾರ್ಕ್ 2: 2016ರದ್ದು, 24–100 ಮಿ.ಮೀ., ಎಫ್/1.8–2.8. 100ಕ್ಕೆ ಹೋದರೂ 2.8ರಲ್ಲೇ ನಿಲ್ಲುವುದು ಇದರ ಹೆಚ್ಚುಗಾರಿಕೆ. ವ್ಯೂಫೈಂಡರ್ ಇಲ್ಲ. ಪರದೆ ಮುಟ್ಟಿ ಫೋಕಸ್ ಕೊಡಬಹುದು.

ಪ್ಯಾನಸಾನಿಕ್ ಎಲ್‌ಎಕ್ಸ್100: 2014ರದ್ದು, ಫೋರ್ ಥರ್ಡ್ಸ್ ಸೆನ್ಸರ್, 24–75 ಮಿ.ಮೀ., ಎಫ್/1.7–2.8. ಸೆನ್ಸರ್ ಪೂರ್ತಿ ಬಳಕೆಯಾಗುವುದಿಲ್ಲ, ಬಳಕೆಯಾಗುವ ಭಾಗ ಸುಮಾರು 178. ಆದರೂ ಸಂಖ್ಯೆ ಒಂದು ತುದಿಯಲ್ಲಿ 62, ಇನ್ನೊಂದು ತುದಿಯಲ್ಲಿ 23. ಮೂರರಲ್ಲಿ ಬೆಳಕಿಗೆ ಇದೇ ಮೇಲು. ದಪ್ಪ ಜಾಸ್ತಿ, ಅಂಗಿ ಕಿಸೆಗೆ ಹಿಡಿಸದು. 12.8 ಮೆಗಾಪಿಕ್ಸೆಲ್, ಎ4ಕ್ಕೆ ಸಾಕು. ಒಳಗೆ ಫ್ಲ್ಯಾಶೇ ಇಲ್ಲ, ಹಾಗಾಗಿ ತಪ್ಪಿ ಹೊಡೆಯುವ ಭಯವೂ ಇಲ್ಲ.

ಒಂದು ಎಚ್ಚರಿಕೆ. ಹೆಸರಿನಲ್ಲಿ ಸಂಖ್ಯೆ ದೊಡ್ಡದಾದರೆ ಕತ್ತಲಿಗೆ ಒಳ್ಳೆಯದು ಅಂತ ಅಲ್ಲ. ಆರ್‌ಎಕ್ಸ್100ರ ಮಾರ್ಕ್ 6, 7 ಹೊಸವು, ದುಬಾರಿ, ಅವುಗಳ ಝೂಮ್ 200 ಮಿ.ಮೀ.ವರೆಗೆ ಹೋಗುತ್ತದೆ. ಆದರೆ ಲೆನ್ಸ್ ಎಫ್/2.8–4.5. 24 ಮಿ.ಮೀ.ನಲ್ಲೇ 15, ತುದಿಯಲ್ಲಿ 6ಕ್ಕೂ ಕಡಿಮೆ. ಅತ್ತ ಮೊದಲ ಆರ್‌ಎಕ್ಸ್100 ಮತ್ತು ಮಾರ್ಕ್ 2 ಅಗ್ಗಕ್ಕೆ ಸಿಗುತ್ತವೆ, ಆದರೆ 100 ಮಿ.ಮೀ. ತುದಿಯಲ್ಲಿ ಎಫ್/4.9 ಆಗಿ 5ಕ್ಕೆ ಇಳಿಯುತ್ತವೆ. ನಡುವಿನ 3, 4, 5 ಮಾತ್ರ ಈ ಕೆಲಸದವು.

ಹೊಸದೇ ಬೇಕೆಂಬ ಹಠ ಇಲ್ಲದಿದ್ದರೆ ಈ ಹಣಕ್ಕೆ ಹಳೆಯ ಎಲ್‌ಎಕ್ಸ್100 ಅಥವಾ ಆರ್‌ಎಕ್ಸ್100 ಮಾರ್ಕ್ 3 ನೋಡಿ ಎನ್ನುತ್ತೇನೆ.

ಚೌಕಿಬಾಗಿಲು

ಮೇಲಿನ ಲೆಕ್ಕಕ್ಕೆ ಒಂದು ತಿದ್ದುಪಡಿಯಲ್ಲ, ಸೇರ್ಪಡೆ. ಎಫ್/1.8 ಅಂತ ಪೆಟ್ಟಿಗೆಯ ಮೇಲೆ ಬರೆದಿರುವುದು 24 ಮಿ.ಮೀ.ಗೆ ಮಾತ್ರ. ಆರ್‌ಎಕ್ಸ್100 ಮಾರ್ಕ್ 3ರಲ್ಲಿ ಝೂಮ್ ಸ್ವಲ್ಪ ಸರಿಸಿದರೆ ಸಾಕು, 35 ಮಿ.ಮೀ. ತಲುಪುವ ಮೊದಲೇ 2.8ಕ್ಕೆ ಬಂದುಬಿಡುತ್ತದೆ. ಕ್ಯಾನನ್ನಿನದ್ದು ನಿಧಾನ ಇಳಿಯುತ್ತದೆ. ಆದ್ದರಿಂದ ಮುಂದಿನ ಸಾಲಿನಲ್ಲಿ, ರಂಗಸ್ಥಳದ ಬದಿಯಲ್ಲಿ ಜಾಗ ಸಿಕ್ಕಿದರೆ ಝೂಮ್ ಮುಟ್ಟಬೇಡಿ, 24ರಲ್ಲೇ ಇಟ್ಟು ಎರಡು ಹೆಜ್ಜೆ ಹತ್ತಿರ ಹೋಗಿ. ಎರಡರಲ್ಲೂ ಲೆನ್ಸಿನ ಸುತ್ತಲಿನ ಉಂಗುರಕ್ಕೆ ಸ್ಟೆಪ್ ಝೂಮ್ ಕೊಡಬಹುದು. ಆಗ 24, 28, 35, 50 ಹೀಗೆ ನಿಂತು ನಿಂತು ಹೋಗುತ್ತದೆ, ಅರಿವಿಲ್ಲದೆ ಬೆಳಕು ಕಳೆದುಕೊಳ್ಳುವುದಿಲ್ಲ.

ಇನ್ನು ಸೆಟ್ಟಿಂಗ್. ಕ್ಯಾಮೆರಾ ಯಾವುದಾದರೂ ಆಟಕ್ಕೆ ಹೀಗೆ ಮಾಡಿ.

ಶಟರ್ ವೇಗವನ್ನು ನೀವೇ ಹಿಡಿದುಕೊಳ್ಳಬೇಕು, ಕ್ಯಾಮೆರಾಕ್ಕೆ ಬಿಡಬಾರದು. ಕೈ ಬೀಸುವ ವೇಗ ಸೆಕೆಂಡಿಗೆ 3 ಮೀಟರ್ ಅಂದುಕೊಳ್ಳಿ. 1/30 ಸೆಕೆಂಡಿನಲ್ಲಿ ಅದು 10 ಸೆಂ.ಮೀ. ಸರಿಯುತ್ತದೆ, 1/250ರಲ್ಲಿ 1.2 ಸೆಂ.ಮೀ. ಕ್ಯಾಮೆರಾದ ಸ್ಟೆಬಿಲೈಸರ್ ನಿಮ್ಮ ಕೈ ನಡುಕವನ್ನು ತಡೆಯುತ್ತದೆಯೇ ಹೊರತು ವೇಷದ ಕುಣಿತವನ್ನಲ್ಲ. ಅರ್ಥ ಹೇಳುತ್ತ ನಿಂತಿದ್ದರೆ 1/100. ಸಾಮಾನ್ಯ ಕುಣಿತಕ್ಕೆ 1/250. ಧೀಂಗಿಣ (ಗಿರಗಿರನೆ ಸುತ್ತುವ ಕುಣಿತ) ಚಿತ್ರದಲ್ಲಿ ನಿಲ್ಲಿಸಬೇಕೆಂದರೆ 1/500. ಧೀಂಗಿಣದಲ್ಲಿ ಬಟ್ಟೆ ಸುತ್ತುವುದು ಕಾಣಬೇಕು, ಮುಖ ಕಲಸಿದರೂ ಅಡ್ಡಿಯಿಲ್ಲ ಅಂತಾದರೆ 1/30.

ಎಲ್‌ಇಡಿ ಫ್ಲಡ್ ಇರುವ ಸಾಧಾರಣ ರಂಗಸ್ಥಳಕ್ಕೆ 1/250, ಎಫ್/2.8, ಐಎಸ್‌ಒ 1600ರಿಂದ ಶುರುಮಾಡಿ. ಬೆಳಕು ಕಮ್ಮಿಯಾದರೆ 3200. ಒಂದಿಂಚಿನ ಸೆನ್ಸರಿನಲ್ಲಿ 3200ರ ಚಿತ್ರ ಎ4ಕ್ಕೆ ಚೆನ್ನಾಗಿಯೇ ಅಚ್ಚಾಗುತ್ತದೆ. 6400 ಅರ್ಧ ಪುಟಕ್ಕೆ. ಅದರ ಮೇಲೆ ಹೋಗುವುದಕ್ಕಿಂತ ಶಟರ್ ಸ್ವಲ್ಪ ಇಳಿಸಿ, ಕುಣಿತ ನಿಲ್ಲುವ ಗಳಿಗೆ ಕಾಯುವುದು ಮೇಲು. ಚೆಂಡೆಯ ಮುಕ್ತಾಯ ಬರುತ್ತದೆ ಎಂಬುದು ಕೇಳುವಾಗಲೇ ಗೊತ್ತಾಗುತ್ತದಲ್ಲ, ಆ ಪೆಟ್ಟಿಗೆ ವೇಷ ಒಂದು ಗಳಿಗೆ ಸ್ಥಿರವಾಗುತ್ತದೆ. ಹಾರುವಾಗಲೂ ಅಷ್ಟೇ, ಮೇಲಿನ ತುದಿಯಲ್ಲಿ ವೇಗ ಇರುವುದಿಲ್ಲ. ಅಲ್ಲಿ 1/125 ಕೂಡ ಸಾಕಾಗುತ್ತದೆ.

ಮ್ಯಾನುಯಲ್ ಮೋಡಿನಲ್ಲಿಡಿ. ಬಯಲಾಟದ ಹಿಂದೆ ಪೂರಾ ಕತ್ತಲು. ಆಟೋದಲ್ಲಿ ಕ್ಯಾಮೆರಾ ಆ ಕತ್ತಲನ್ನು ಬೂದು ಮಾಡಲು ಹೋಗಿ ಮುಖವನ್ನು ಬಿಳಿಚಿಸುತ್ತದೆ. ಬಣ್ಣದ ವೇಷದ ಚುಟ್ಟಿಯ (ಮುಖದ ಮೇಲಿನ ಬಿಳಿ ಚುಕ್ಕೆಗಳ) ಬಿಳಿ ಹೋಯಿತೆಂದರೆ ಹೋಯಿತು, ಮತ್ತೆ ತರಲಿಕ್ಕಾಗದು. ಮ್ಯಾನುಯಲ್ ಕಷ್ಟವಾದರೆ ಶಟರ್ ಪ್ರಯಾರಿಟಿ ಇಟ್ಟು, ಐಎಸ್‌ಒ ಆಟೋ ಮಾಡಿ ಮಿತಿ 6400ಕ್ಕೆ ಕಟ್ಟಿ, ಎಕ್ಸ್‌ಪೋಶರ್ ಕಾಂಪೆನ್ಸೇಶನ್ ಮೈನಸ್ 1 ಕೊಡಿ.

ಬಣ್ಣದ ವೇಷ ಸೂಟೆ (ಪಂಜು) ಹಿಡಿದು ಬಂದು ರಾಳದ ಹುಡಿ ಎರಚುವಾಗ ಇನ್ನೂ ಬೇರೆ. ಉರಿ ಏಳುವ ಆ ಅರ್ಧ ಸೆಕೆಂಡಿಗೆ ಬೆಳಕು ಹಲವು ಪಟ್ಟು ಹೆಚ್ಚುತ್ತದೆ, ಆಟೋ ಅದನ್ನು ಹಿಡಿಯುವಷ್ಟರಲ್ಲಿ ಉರಿ ಮುಗಿದಿರುತ್ತದೆ. ಮೊದಲೇ ಐಎಸ್‌ಒವನ್ನು ಎರಡು ಸ್ಟಾಪ್ ಇಳಿಸಿ, ಅಂದರೆ 1600 ಇದ್ದರೆ 400 ಮಾಡಿ, ಮೂರು ನಾಲ್ಕು ಚಿತ್ರಗಳ ಬರ್ಸ್ಟ್ ಹಾಕಿ ಕಾಯಿರಿ. ಒಂದು ಸಿಕ್ಕೇ ಸಿಗುತ್ತದೆ.

ಎಲ್‌ಇಡಿಯ ಮಿನುಗು. ನಮ್ಮ ಕರೆಂಟು 50 ಹರ್ಟ್ಸ್, ಹಾಗಾಗಿ ಅಗ್ಗದ ದೀಪಗಳು ಸೆಕೆಂಡಿಗೆ 100 ಸಲ ಏರಿಳಿಯುತ್ತವೆ. 1/250ರಲ್ಲಿ ತೆಗೆದಾಗ ಒಂದು ಚಿತ್ರ ಬೆಳ್ಳಗೆ, ಮುಂದಿನದು ಮಬ್ಬು ಬಂದರೆ ಕ್ಯಾಮೆರಾ ಹಾಳಾಗಿದೆ ಅಂದುಕೊಳ್ಳಬೇಡಿ. 1/100 ಅಥವಾ 1/50ಕ್ಕೆ ಇಳಿಸಿ, ಸರಿಯಾಗುತ್ತದೆ. ವೇಗ ಬೇಕೇ ಬೇಕಾದರೆ ಬರ್ಸ್ಟ್ ಹಾಕಿ ಬೆಳಕು ಬಿದ್ದದ್ದನ್ನು ಆರಿಸಿ. ಎಲೆಕ್ಟ್ರಾನಿಕ್ ಶಟರ್ ಇರುವ ಕ್ಯಾಮೆರಾದಲ್ಲಿ, ಉದಾಹರಣೆಗೆ ಎಲ್‌ಎಕ್ಸ್100, ಅದನ್ನು ಆಫ್ ಮಾಡಿ ಮೆಕ್ಯಾನಿಕಲ್ ಮಾತ್ರ ಇಡಿ. ಇಲ್ಲದಿದ್ದರೆ ಚಿತ್ರದ ಅಡ್ಡಕ್ಕೆ ಕಪ್ಪು ಪಟ್ಟೆಗಳು ಬೀಳುತ್ತವೆ, ಆಮೇಲೆ ಅವನ್ನು ತೆಗೆಯುವ ದಾರಿ ಇಲ್ಲ. ಈ ಸಣ್ಣ ಕ್ಯಾಮೆರಾಗಳ ಮೆಕ್ಯಾನಿಕಲ್ ಶಟರ್ ಲೆನ್ಸಿನೊಳಗೇ ಇದೆ, ಸದ್ದು ಕೇಳುವುದೇ ಇಲ್ಲ ಅನ್ನುವಷ್ಟು ಮೆಲ್ಲಗೆ.

ಮನೆಯಲ್ಲೇ ಆಫ್ ಮಾಡಿಕೊಂಡು ಹೋಗಬೇಕಾದವು: ಫ್ಲ್ಯಾಶ್, ಫೋಕಸ್‌ಗೆ ಉರಿಯುವ ಕಿತ್ತಳೆ ದೀಪ, ಬೀಪ್ ಸದ್ದು. ಆ ಕಿತ್ತಳೆ ದೀಪವನ್ನು ಹೆಚ್ಚಿನವರು ಮರೆಯುತ್ತಾರೆ. ಕತ್ತಲಲ್ಲಿ ವೇಷದ ಮುಖದ ಮೇಲೆ ಬಿದ್ದರೆ ಅದು ಫ್ಲ್ಯಾಶಿನಷ್ಟೇ ಕಿರಿಕಿರಿ. ಪರದೆಯ ಬೆಳಕನ್ನೂ ಕನಿಷ್ಠಕ್ಕೆ ತನ್ನಿ.

ಬೆಳ್ಳೂರು ಕಡೆಯವ

ಇಬ್ಬರಿಗೂ ತುಂಬ ಉಪಕಾರ. ಲೆಕ್ಕ ಹಾಕುವುದು ಗೊತ್ತಾಯಿತು, 40 ಪಟ್ಟಿನದ್ದು ಬಿಟ್ಟೆ. ಈಗ ಆರ್‌ಎಕ್ಸ್100 ಮಾರ್ಕ್ 3, ಎಲ್‌ಎಕ್ಸ್100 ಎರಡರ ನಡುವೆ ಇದ್ದೇನೆ. ಎರಡು ಸಂಶಯ ಉಳಿದವು. ಒತ್ತೆಕೋಲದಲ್ಲಿ ಎಲ್‌ಇಡಿ ಇರುವುದಿಲ್ಲ, ಇರುವುದು ಸೂಟೆ ಮತ್ತು ಕೆಂಡದ ಬೆಳಕು. ಅಲ್ಲಿಗೆ ಇದೇ ಸೆಟ್ಟಿಂಗ್ ನಡೆಯುತ್ತದಾ? ಇನ್ನೊಂದು, ರಿಕೋ ಜಿಆರ್ ಎಂಬ ಕ್ಯಾಮೆರಾ ಕತ್ತಲಿಗೆ ಎಲ್ಲಕ್ಕಿಂತ ಒಳ್ಳೆಯದು ಅಂತ ಒಬ್ಬರು ಹೇಳಿದರು, ಅದರ ಲೆನ್ಸ್ ಎಫ್/2.8 ಮಾತ್ರ ಅಲ್ಲವಾ?

ನೀಲೇಶ್ವರದ ದಾರಿ

ಎಫ್/2.8 ಹೌದು, ಆದರೆ ಸೆನ್ಸರ್ ಎಪಿಎಸ್-ಸಿ, 367 ಚದರ ಮಿ.ಮೀ. ಭಾಗಿಸಿ ನೋಡಿ, 47 ಬರುತ್ತದೆ. ಆರ್‌ಎಕ್ಸ್‌ನ 36ಕ್ಕಿಂತ ಮೇಲೆ, ಎಲ್‌ಎಕ್ಸ್100ರ 62ಕ್ಕಿಂತ ಕೆಳಗೆ. "ಎಲ್ಲಕ್ಕಿಂತ ಒಳ್ಳೆಯದು" ಎನ್ನುವುದು ಹಾಗಾಗಿ ಪೂರ್ತಿ ಸರಿಯಲ್ಲ. ಫ್ಯೂಜಿ ಎಕ್ಸ್100ವಿಯ ಎಫ್/2 ಲೆನ್ಸ್ ಅದೇ ಅಳತೆಯ ಸೆನ್ಸರಿಗೆ 92 ಕೊಡುತ್ತದೆ, ಆದರೆ ಅದು ನಿಮ್ಮ ಬಜೆಟ್ಟಿನ ಆಚೆ, ಕಿಸೆಗೂ ಹಿಡಿಸದು.

ಜಿಆರ್ III 28 ಮಿ.ಮೀ.ಗೆ ಕಟ್ಟಿಹಾಕಿದ ಲೆನ್ಸ್, ಝೂಮ್ ಇಲ್ಲ. 8 ಮೀಟರ್ ದೂರದ ರಂಗಸ್ಥಳಕ್ಕೆ ಅದು ಬೇಡ. 50 ಮಿ.ಮೀ. ನೋಟಕ್ಕೆ ಕತ್ತರಿಸಿದರೆ 24 ಮೆಗಾಪಿಕ್ಸೆಲ್‌ನಲ್ಲಿ ಉಳಿಯುವುದು ಏಳೂವರೆ, ಬೆಳಕಿನ ಲೆಕ್ಕವೂ 15ಕ್ಕೆ ಇಳಿಯುತ್ತದೆ. ಆದರೆ ಕೋಲದ ಕಳದಲ್ಲಿ, ಎರಡು ಮೂರು ಮೀಟರ್ ದೂರದಲ್ಲಿ ನಿಲ್ಲಲು ಬಿಡುವ ಕಡೆ, ಚೌಕಿಯಲ್ಲಿ ಬಣ್ಣ ಹಚ್ಚುವಾಗ, ಅದರಷ್ಟು ಚುರುಕಿನದು ಈ ಗಾತ್ರದಲ್ಲಿ ಇನ್ನೊಂದಿಲ್ಲ. ಕಾರಣ ಸ್ನ್ಯಾಪ್ ಫೋಕಸ್. ದೂರವನ್ನು ಮೊದಲೇ 3.5 ಮೀಟರಿಗೆ ಕಟ್ಟಿಟ್ಟರೆ ಎಫ್/2.8ರಲ್ಲೂ ಸುಮಾರು 2.2ರಿಂದ 8.4 ಮೀಟರ್‌ವರೆಗೆ ಸ್ಪಷ್ಟ. ಕತ್ತಲಲ್ಲಿ ಕ್ಯಾಮೆರಾ ಫೋಕಸ್ ಹುಡುಕುತ್ತಾ ಕೂರುವುದೇ ಇಲ್ಲ, ಗುಂಡಿ ಒತ್ತಿದ ಕೂಡಲೇ ಚಿತ್ರ. ಹೊಸದು ಬಜೆಟ್ ಮೀರುತ್ತದೆ. 2013ರ ಮೊದಲ ಜಿಆರ್ ಅಥವಾ 2015ರ ಜಿಆರ್ II, ಎರಡಕ್ಕೂ 16 ಮೆಗಾಪಿಕ್ಸೆಲ್‌ನ ಅದೇ ಅಳತೆಯ ಸೆನ್ಸರ್, ಅದೇ ಎಫ್/2.8. ನಿಮಗೆ ಒಂದೇ ಕ್ಯಾಮೆರಾ ಬೇಕಾದ್ದರಿಂದ ನನ್ನ ಮತ ಎಲ್‌ಎಕ್ಸ್100ಕ್ಕೆ.

ಸ್ನ್ಯಾಪ್ ಫೋಕಸಿನ ಉಪಾಯವನ್ನು ಬೇರೆ ಕ್ಯಾಮೆರಾಗಳಲ್ಲೂ ಮಾಡಬಹುದು. ಒಂದಿಂಚಿನದ್ದರಲ್ಲಿ 24 ಮಿ.ಮೀ., ಎಫ್/1.8ಕ್ಕೆ ಮ್ಯಾನುಯಲ್ ಫೋಕಸ್ 4 ಮೀಟರ್‌ಗೆ ಇಟ್ಟುಬಿಡಿ. 2 ಮೀಟರ್‌ನಿಂದ ಮುಂದಕ್ಕೆ ಎಲ್ಲ ಸ್ಪಷ್ಟ. ಝೂಮ್ ಮಾಡಿದರೆ ಈ ಲೆಕ್ಕ ನಡೆಯುವುದಿಲ್ಲ, ಆಗ ಫೋಕಸ್ ಚೌಕವನ್ನು ಕಿರೀಟದ ಅಂಚಿಗೋ ಕಿವಿಯ ಆಭರಣಕ್ಕೋ ಇಡಿ. ಕತ್ತಲು–ಬೆಳಕು ಕೂಡುವ ಗೆರೆ ಇದ್ದಲ್ಲಿ ಫೋಕಸ್ ಬೇಗ ಕೂರುತ್ತದೆ. ಕೆನ್ನೆಯ ಒಂದೇ ಬಣ್ಣದ ಜಾಗಕ್ಕೆ ಇಟ್ಟರೆ ಲೆನ್ಸ್ ಹಿಂದೆ ಮುಂದೆ ಹುಡುಕುತ್ತಲೇ ಇರುತ್ತದೆ.

ಒತ್ತೆಕೋಲದ ಬೆಳಕು ಆಟದ್ದಕ್ಕಿಂತ ಒಂದೆರಡು ಸ್ಟಾಪ್ ಕಡಿಮೆ. ಮೇಲೇರಿ (ಕೆಂಡಕ್ಕಾಗಿ ಒಟ್ಟಿದ ಕಟ್ಟಿಗೆಯ ರಾಶಿ) ಉರಿಯುತ್ತಿರುವಾಗ ಅದರ ಬೆಳಕು ಬಿದ್ದ ಮುಖಕ್ಕೆ ಐಎಸ್‌ಒ 3200, ಎಫ್/2, 1/250 ಒಳ್ಳೆಯ ಆರಂಭ. ತೆಂಗಿನ ಗರಿಯ ಸೂಟೆ ಒಂದೇ ಇದ್ದರೆ 1/125. ಕೆಂಡ ಮಾತ್ರ ಉಳಿದ ಮೇಲೆ ಮುಖಕ್ಕೆ ಬೆಳಕು ಸಾಲುವುದಿಲ್ಲ, ಆಗ ನೆರಳಿನ ಆಕೃತಿಯನ್ನೇ ಹಿಡಿಯಲು ನೋಡಿ. ವಿಷ್ಣುಮೂರ್ತಿ ಕೆಂಡಕ್ಕೆ ಬೀಳುವುದು ಸಾಮಾನ್ಯವಾಗಿ ಬೆಳಗಿನ ಜಾವ. ಆಕಾಶ ಸ್ವಲ್ಪ ಬಿಳಿಯಾಗಿದ್ದರೆ ಹತ್ತು ಹದಿನೈದು ನಿಮಿಷದಲ್ಲೇ ಬೆಳಕು ಇಮ್ಮಡಿ ನಾಲ್ಮಡಿ ಆಗುತ್ತದೆ. ರಾತ್ರಿಯ ಸೆಟ್ಟಿಂಗ್ ಮರೆತು ಹಾಗೇ ಬಿಟ್ಟರೆ ಎಲ್ಲ ಬಿಳಿಚಿಹೋಗುತ್ತದೆ. ಪ್ರತಿ ಐದು ನಿಮಿಷಕ್ಕೆ ಒಂದು ಚಿತ್ರ ತೆಗೆದು ಹಿಸ್ಟೋಗ್ರಾಂ (ಚಿತ್ರದ ಹೊಳಪು ಹೇಗೆ ಹಂಚಿದೆ ಎಂದು ಪರದೆಯಲ್ಲಿ ತೋರಿಸುವ ನಕ್ಷೆ) ನೋಡಿ.

ಬೆಂಕಿಯಲ್ಲಿ ಎಲ್ಲರೂ ಎಡವುವುದು ಕೆಂಪಿನಲ್ಲಿ. ಉರಿಯ ಬೆಳಕು 1900–2000 ಕೆಲ್ವಿನ್‌ನದು, ಪೂರಾ ಕೆಂಪು–ಹಳದಿ. ತೆಯ್ಯದ (ದೈವದ ವೇಷದ) ಮುಖದ ಬಣ್ಣವೂ ಕೆಂಪು, ಉಡುಗೆಯೂ ಕೆಂಪು. ಒಟ್ಟು ಹೊಳಪು ಸರಿಯಿದೆ ಅಂತ ಮೀಟರ್ ತೋರಿಸುತ್ತಿರುವಾಗಲೇ ಕೆಂಪು ಚಾನೆಲ್ ತುಂಬಿ ಚೆಲ್ಲಿರುತ್ತದೆ. ಮನೆಗೆ ಬಂದು ನೋಡಿದರೆ ಮುಖದ ಗೆರೆಗಳೆಲ್ಲ ಮಾಯ, ಒಂದು ಕೆಂಪು ತೇಪೆ ಮಾತ್ರ. ಆದ್ದರಿಂದ ಕೆಂಪು–ಹಸಿರು–ನೀಲಿ ಬೇರೆ ಬೇರೆ ತೋರಿಸುವ ಹಿಸ್ಟೋಗ್ರಾಂ ನಿಮ್ಮ ಕ್ಯಾಮೆರಾದಲ್ಲಿದ್ದರೆ ಅದನ್ನೇ ನೋಡಿ, ಇಲ್ಲವಾದರೆ ಸರಿ ಕಂಡದ್ದಕ್ಕಿಂತ ಒಂದು ಸ್ಟಾಪ್ ಕಮ್ಮಿ ತೆಗೆಯಿರಿ. ವಿವಿಡ್ ಮೋಡು ಬೇಡವೇ ಬೇಡ. ರಾ ಫೈಲಿನಲ್ಲೇ (ಕ್ಯಾಮೆರಾ ತಿದ್ದದೆ ಉಳಿಸುವ ಮೂಲ ಕಡತ) ತೆಗೆಯಿರಿ, ಜೆಪೆಗ್ ಜೊತೆಗೆ ಬೇಕಾದರೆ ಇರಲಿ. ವೈಟ್ ಬ್ಯಾಲೆನ್ಸನ್ನು ಆಟೋಗೆ ಬಿಟ್ಟರೆ ಪ್ರತಿ ಚಿತ್ರಕ್ಕೂ ಒಂದೊಂದು ಬಣ್ಣ. 2800–3000 ಕೆಲ್ವಿನ್‌ಗೆ ಕಟ್ಟಿಟ್ಟರೆ ಉರಿ ಉರಿಯ ಹಾಗೆಯೇ ಕಾಣುತ್ತದೆ, ಕಿತ್ತಳೆಯೂ ಮಿತಿಮೀರುವುದಿಲ್ಲ. ಪೂರ್ತಿ ಬಿಳಿ ಮಾಡಲು ಹೋಗಬೇಡಿ, ಆ ರಾತ್ರಿಯ ಬಣ್ಣವೇ ಹೊರಟುಹೋಗುತ್ತದೆ.

ಬೂದಿಯ ವಿಷಯ ಹೇಳಲೇಬೇಕು. ಈ ಸಣ್ಣ ಕ್ಯಾಮೆರಾಗಳ ಲೆನ್ಸ್ ಹೊರಗೆ ಬಂದು ಒಳಗೆ ಹೋಗುವಂಥದು, ಯಾವುದಕ್ಕೂ ಧೂಳು ತಡೆಯುವ ಸೀಲ್ ಇಲ್ಲ. ಕೆಂಡ ಎದ್ದು ಬೂದಿ ಹಾರುವಾಗ ಝೂಮ್ ಆಡಿಸಿದರೆ, ಆನ್–ಆಫ್ ಮಾಡಿದರೆ ಗಾಳಿಯೊಂದಿಗೆ ಬೂದಿಯನ್ನೂ ಒಳಗೆಳೆಯುತ್ತದೆ. ಒಂದೇ ಝೂಮಿನಲ್ಲಿ ನಿಲ್ಲಿಸಿಡಿ. ಆಮೇಲೆ ಲೆನ್ಸಿನ ಕೊಳವೆಯನ್ನು ಮೆತ್ತಗಿನ ಬ್ರಶ್ಶಿನಿಂದ ಗುಡಿಸಿಯೇ ಆಫ್ ಮಾಡಿ.

ದೀಪೋತ್ಸವ ಇದಕ್ಕೆಲ್ಲ ಹೋಲಿಸಿದರೆ ಸುಲಭ. ಹಣತೆ ಕದಲುವುದಿಲ್ಲ. ಸಣ್ಣ ಮೇಜು–ಟ್ರೈಪಾಡ್ ಅಥವಾ ಕಟ್ಟೆಯ ಮೇಲೆ ಮಡಚಿದ ಶಾಲು, 2 ಸೆಕೆಂಡ್ ಟೈಮರ್, ಐಎಸ್‌ಒ 200, ಎಫ್/4. ಇದಕ್ಕೆ ಯಾವ ಕ್ಯಾಮೆರಾ ಆದರೂ ನಡೆಯುತ್ತದೆ. ಒಳಾಂಗಣದಲ್ಲಿ ತೆಗೆಯಬಹುದೇ ಎಂದು ಕೇಳಿಯೇ ತೆಗೆಯಿರಿ.

ಮಳೆಗಾಲ

ಹಳೆಯದು ಕೊಳ್ಳುವುದರ ಬಗ್ಗೆ ಯಾರೂ ಇನ್ನೂ ಹೇಳಲಿಲ್ಲ. ನಮ್ಮ ಕಡೆಯ ಕ್ಯಾಮೆರಾಗಳಿಗೆ ಮೊದಲ ಶತ್ರು ಬೂಸ್ಟು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಪಾಟಿನಲ್ಲಿ ಚರ್ಮದ ಚೀಲದೊಳಗೆ ಮುಚ್ಚಿಟ್ಟ ಕ್ಯಾಮೆರಾದ ಲೆನ್ಸಿನೊಳಗೆ ಜೇಡರ ಬಲೆಯಂಥ ಎಳೆಗಳು ಬೆಳೆದಿರುತ್ತವೆ. ಹಗಲಲ್ಲಿ ಅದರ ಪರಿಣಾಮ ಗೊತ್ತಾಗದು. ರಾತ್ರಿ ಎದುರಿನಿಂದ ದೀಪ ಬಿದ್ದಾಗ ಚಿತ್ರ ಪೂರಾ ಮಂಜು ಕವಿದ ಹಾಗೆ. ನಿಮ್ಮ ಕೆಲಸಕ್ಕೆ ಅದು ಮುಳುವು.

ಕೊಳ್ಳುವಾಗ ಒಂದು ಸಣ್ಣ ಟಾರ್ಚು, ನಿಮ್ಮದೇ ಮೆಮೊರಿ ಕಾರ್ಡ್ ಒಯ್ಯಿರಿ. ಕ್ಯಾಮೆರಾ ಆನ್ ಮಾಡಿ ಲೆನ್ಸ್ ಹೊರಬಂದ ಮೇಲೆ ಟಾರ್ಚನ್ನು ಓರೆಯಾಗಿ ಹಿಡಿದು ಒಳಗೆ ನೋಡಿ. ಧೂಳಿನ ಒಂದೆರಡು ಕಣ ಇದ್ದರೆ ತಲೆಕೆಡಿಸಿಕೊಳ್ಳಬೇಡಿ. ಎಳೆ, ಕವಲು, ಮಬ್ಬು ಕಂಡರೆ ಎಷ್ಟೇ ಕಡಿಮೆಗೆ ಕೊಟ್ಟರೂ ಬೇಡ. ಆಮೇಲೆ ಹತ್ತು ಸಲ ಆನ್–ಆಫ್ ಮಾಡಿ. ಕರಕರ ಸದ್ದು, ತಡವರಿಕೆ, ಒಮ್ಮೆಯಾದರೂ ಲೆನ್ಸ್ ಎರರ್ ಬಂದರೆ ಒಳಗಿನ ಗೇರ್ ಸವೆದಿದೆ ಅಥವಾ ಮರಳು ಹೊಕ್ಕಿದೆ. ಬೇಕಲದ ಕಡಲಂಚಿನಲ್ಲಿ ತಿರುಗಾಡಿದ ಕ್ಯಾಮೆರಾಗಳಲ್ಲಿ ಹೀಗಾಗುವುದು ಸಹಜ.

ಮುಂದೆ ಬಿಳಿ ಗೋಡೆಯನ್ನು ಎಫ್/11ಕ್ಕೆ, ಇಲ್ಲದಿದ್ದರೆ ಎಫ್/8ಕ್ಕೆ ತೆಗೆದು ಪರದೆಯಲ್ಲಿ ದೊಡ್ಡದು ಮಾಡಿ ನೋಡಿ. ಮಸಿ ಚುಕ್ಕೆಗಳು ಕಂಡರೆ ಸೆನ್ಸರಿನ ಮೇಲೆ ಧೂಳು. ಎಲ್‌ಎಕ್ಸ್100 ಮತ್ತು ಜಿಆರ್ ಸಾಲಿನವುಗಳಿಗೆ ಈ ದೂರು ಹೆಚ್ಚು. ಲೆನ್ಸ್ ಕಳಚಿ ಒರೆಸುವಂಥದಲ್ಲ, ಕ್ಯಾಮೆರಾವನ್ನೇ ಬಿಚ್ಚಬೇಕು. ರಾತ್ರಿಯಲ್ಲಿ ಎಫ್/2.8ಕ್ಕೆ ತೆಗೆಯುವಾಗ ಆ ಚುಕ್ಕೆಗಳು ಕಾಣುವುದಿಲ್ಲ, ನಿಜ. ಸ್ವಲ್ಪವೇ ಇದ್ದರೆ ಬೆಲೆ ಇಳಿಸಲು ಅದೊಂದು ಕಾರಣ ಅಂತ ಇಟ್ಟುಕೊಳ್ಳಿ.

ಹಂಚಿನ ಮಾಡನ್ನೋ ಇಟ್ಟಿಗೆ ಗೋಡೆಯನ್ನೋ ನೇರ ಎದುರಿಗೆ ನಿಂತು, ಲೆನ್ಸ್ ಪೂರ್ತಿ ತೆರೆದು 24ರಲ್ಲಿ ಒಂದು, 70ರಲ್ಲಿ ಒಂದು ತೆಗೆಯಿರಿ. ನಾಲ್ಕು ಮೂಲೆಗಳಲ್ಲಿ ಒಂದು ಮಾತ್ರ ಮಸುಕಾಗಿದ್ದರೆ ಲೆನ್ಸ್ ಓರೆಯಾಗಿದೆ, ಕೆಳಗೆ ಬಿದ್ದ ಕ್ಯಾಮೆರಾ ಅದು. ನಾಲ್ಕೂ ಸಮವಾಗಿ ಸ್ವಲ್ಪ ಮೆತ್ತಗಿದ್ದರೆ ಚಿಂತೆಯಿಲ್ಲ. ಕೊನೆಗೆ ಲೆನ್ಸ್ ಮುಚ್ಚಿ ಐಎಸ್‌ಒ 3200, ಅರ್ಧ ಸೆಕೆಂಡಿಗೆ ಒಂದು. ಕಪ್ಪಿನ ಮೇಲೆ ಒಂದೆರಡು ಬಣ್ಣದ ಚುಕ್ಕೆ ಇದ್ದೇ ಇರುತ್ತದೆ. ಗೆರೆಗಳು ಕಂಡರೆ ಬೇಡ.

ಆರ್‌ಎಕ್ಸ್100 ಮಾರ್ಕ್ 3 ಆದರೆ ವ್ಯೂಫೈಂಡರನ್ನು ಐದಾರು ಸಲ ಎತ್ತಿ ಇಳಿಸಿ. ಸ್ಪ್ರಿಂಗ್ ಸಡಿಲವಾಗಿದ್ದರೆ ಅದು ಮೇಲೆ ನಿಲ್ಲುವುದಿಲ್ಲ. ಬ್ಯಾಟರಿಯನ್ನು ಮೇಜಿನ ಮೇಲೆ ಮಲಗಿಸಿ ತಿರುಗಿಸಿ ನೋಡಿ, ಬುಗುರಿಯಂತೆ ತಿರುಗಿದರೆ ಉಬ್ಬಿದೆ ಎಂದರ್ಥ. ಹೊಸ ಎರಡು ಕೊಳ್ಳಲೇಬೇಕು. ಸೋನಿಯದ್ದು ಎನ್‌ಪಿ-ಬಿಎಕ್ಸ್1, ಒಂದು ತುಂಬಿದರೆ ಕಂಪನಿಯ ಲೆಕ್ಕದಲ್ಲಿ 320 ಚಿತ್ರ. ಇಡೀ ರಾತ್ರಿಗೆ ಮೂರು ಬೇಕಾಗಬಹುದು. ಬೆಳಗಿನ ಜಾವದ ಕೆಂಡಕ್ಕೆ ಒಂದನ್ನು ತುಂಬಿಯೇ ಇಟ್ಟಿರಿ.

ಕಾಸರಗೋಡಿನಲ್ಲಿ ಕೊಂಡರೂ ಮಂಗಳೂರಿಗೆ ಹೋಗಿ ಕೊಂಡರೂ ಬಿಲ್ಲಿನ ಮೇಲಿನ ಸೀರಿಯಲ್ ನಂಬರ್, ಕ್ಯಾಮೆರಾದ ತಳದ ನಂಬರ್ ಒಂದೇ ಹೌದೋ ನೋಡಿ.

ತಂದ ಮೇಲೆ ಜಾಗ್ರತೆ: ಗಾಳಿಯಾಡದ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ, ಒಳಗೆ 100–200 ಗ್ರಾಂ ಸಿಲಿಕಾ ಜೆಲ್, ಒಂದು ಸಣ್ಣ ಆರ್ದ್ರತೆ ಮಾಪಕ. 40ರಿಂದ 50 ಶೇಕಡದಲ್ಲಿ ಇರಲಿ. ಅದಕ್ಕಿಂತ ತೀರಾ ಒಣಗಿಸುವುದೂ ಬೇಡ. ಬಣ್ಣ ಬದಲಾದ ಜೆಲ್ಲನ್ನು ಒವನ್‌ನಲ್ಲಿ 110–120 ಡಿಗ್ರಿಗೆ ಎರಡು ಗಂಟೆ ಇಟ್ಟರೆ ಮತ್ತೆ ಬಳಸಬಹುದು. ಅಕ್ಕಿಯೊಳಗೆ ಹೂಳುವ ಪದ್ಧತಿ ಬಿಡಿ, ಹಿಟ್ಟಿನ ಧೂಳು ಲೆನ್ಸಿನ ಸಂದಿಗೆ ಸೇರುತ್ತದೆ.

ಬೆಳ್ಳೂರು ಕಡೆಯವ

ಟಾರ್ಚು, ಬಿಳಿ ಗೋಡೆ, ಹಂಚಿನ ಮಾಡು, ಎಲ್ಲ ಬರೆದಿಟ್ಟುಕೊಂಡೆ. ಒಂದೇ ಒಂದು ಪ್ರಶ್ನೆ: ನಾಯ್ಸ್ ತೆಗೆಯುವುದು ಕ್ಯಾಮೆರಾದಲ್ಲೇ ಮಾಡುವುದೋ ಕಂಪ್ಯೂಟರಿನಲ್ಲೋ?

ಚೌಕಿಬಾಗಿಲು

ಕಂಪ್ಯೂಟರಿನಲ್ಲಿ. ಕ್ಯಾಮೆರಾದೊಳಗಿನ ನಾಯ್ಸ್ ರಿಡಕ್ಷನ್ ಜೆಪೆಗ್‌ಗೆ ಮಾತ್ರ ಕೆಲಸ ಮಾಡುತ್ತದೆ. ಅದನ್ನು ಹೆಚ್ಚಿಟ್ಟರೆ ಚುಟ್ಟಿಯ ಒಂದೊಂದು ಚುಕ್ಕೆಯನ್ನೂ ನಾಯ್ಸ್ ಅಂದುಕೊಂಡು ಒರೆಸಿ ಮೇಣದ ಮುಖ ಮಾಡಿಬಿಡುತ್ತದೆ. ಅದನ್ನು ಲೋ ಇಡಿ. ರಾ ಫೈಲನ್ನು ಡಾರ್ಕ್‌ಟೇಬಲ್‌ನಲ್ಲಿ ತೆರೆಯಿರಿ, ಉಚಿತ. ಅದರಲ್ಲಿ ಡಿನಾಯ್ಸ್ ಪ್ರೊಫೈಲ್ಡ್ ಎಂಬುದು ಕ್ಯಾಮೆರಾ ಮಾದರಿ ಮತ್ತು ಐಎಸ್‌ಒ ನೋಡಿ ತಾನೇ ಅಳತೆ ತಗೊಳ್ಳುತ್ತದೆ. ಬಣ್ಣದ ಕಲೆಗಳನ್ನು ಪೂರ್ತಿ ತೆಗೆಯಿರಿ, ಮರಳಿನಂಥ ಬಿಳಿ–ಕಪ್ಪು ಕಾಳನ್ನು ಅರ್ಧಕ್ಕೆ ನಿಲ್ಲಿಸಿ. ಪರದೆಯಲ್ಲಿ ನೂರು ಶೇಕಡ ಹಿಗ್ಗಿಸಿದಾಗ ಕಾಳು ಕಂಡರೂ ಎ4 ಅಚ್ಚಿನಲ್ಲಿ ಅದು ಕಾಣಿಸದು. ಮುದ್ರಣಕ್ಕೆ ಕೊಡುವ ಮುಂಚೆ ನೆರಳನ್ನು ಒಂದಿಷ್ಟು ಎತ್ತಿಕೊಡಿ, ಪರದೆಯಲ್ಲಿ ಕಾಣುವುದಕ್ಕಿಂತ ಕಾಗದದ ಮೇಲೆ ಕಪ್ಪು ಇನ್ನೂ ಗಾಢವಾಗಿ ಬೀಳುತ್ತದೆ.